ಐನೂರು ಖಾಲಿ ತೋಟೆ, ಐದು ಕಾಫಿ ಡಬ್ಬಿ: ಸ್ಟಾರ್‌ಲೈನ್ .45 ಹಿತ್ತಾಳೆ ಎಷ್ಟು ಸಲ ತಡೆಯಿತು?

ನನ್ನ ಗ್ಯಾರೇಜಿನ ಶೆಲ್ಫ್ ಮೇಲೆ ಐದು ಕಾಫಿ ಡಬ್ಬಿಗಳಿವೆ. ಒಂದರಲ್ಲೂ ಕಾಫಿ ಇಲ್ಲ. 2018ರ ದೀಪಾವಳಿ ಹೊತ್ತಿಗೆ ಸ್ಟಾರ್‌ಲೈನ್ ಕಂಪನಿಯ .45 ಎಸಿಪಿ (ಪಿಸ್ತೂಲು ತೋಟೆಯ ಒಂದು ಅಳತೆ) ಖಾಲಿ ತೋಟೆ 500ರ ಚೀಲ ತರಿಸಿದ್ದೆ. ಆಗ ನೂರು ಡಾಲರ್ ಆಸುಪಾಸು ಆಗಿತ್ತು. ಡಬ್ಬಿಗೆ ನೂರರಂತೆ ಹಂಚಿದೆ. ಮುಚ್ಚಳದ ಮೇಲೆ ಟೇಪ್ ಅಂಟಿಸಿ, ಪ್ರತಿ ಸಲ ತುಂಬಿದಾಗಲೂ ಒಂದು ಗೀಟು ಹಾಕುತ್ತಾ ಬಂದೆ. ನಮ್ಮಮ್ಮ ಹಾಲಿನವನ ಲೆಕ್ಕ ಗೋಡೆ ಮೇಲೆ ಇಡುತ್ತಿದ್ದ ಹಾಗೆ.

ಒಂದನೇ ಡಬ್ಬಿಯ ಮೇಲೆ ಈಗ 19 ಗೀಟುಗಳಿವೆ. ಈ ವಿಮರ್ಶೆ ಬರೆಯುವ ಧೈರ್ಯ ಬಂದಿದ್ದು ಅದರಿಂದ.

ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ತೋಟೆಯಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೊಳವೆ, ಅದರ ತಳಕ್ಕೆ ಕೂರುವ ಕೇಪು, ಒಳಗೆ ಮದ್ದು, ಬಾಯಿಗೆ ಗುಂಡು. ಹೊಡೆದ ಮೇಲೆ ಮದ್ದು ಉರಿದುಹೋಗುತ್ತದೆ, ಗುಂಡು ಹಾರಿಹೋಗುತ್ತದೆ, ಕೇಪು ಸುಟ್ಟಿರುತ್ತದೆ. ಹಿತ್ತಾಳೆ ಮಾತ್ರ ನಮ್ಮ ಕಾಲ ಬುಡದಲ್ಲೇ ಬೀಳುತ್ತದೆ. ಅದನ್ನು ಆರಿಸಿ, ತೊಳೆದು, ಮತ್ತೆ ತುಂಬಿದರೆ ಖರ್ಚು ಸಾಕಷ್ಟು ಇಳಿಯುತ್ತದೆ. ಇಲ್ಲಿ ಟೆಕ್ಸಾಸ್‌ನಲ್ಲಿ ಇದು ಅನೇಕರ ಹವ್ಯಾಸ. ಊರಲ್ಲಿ ಓದುತ್ತಿರುವವರು ದಯವಿಟ್ಟು ಪ್ರಯತ್ನ ಮಾಡಬೇಡಿ, ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದು ಅಲ್ಲಿ ಅಪರಾಧ.

ಇಲ್ಲಿಯವರು ಖಾಲಿ ಕೊಳವೆಗೆ 'ಬ್ರಾಸ್' ಅನ್ನುತ್ತಾರೆ. ನಾನು ತೋಟೆ ಅಂತಲೇ ಅನ್ನುವುದು. ಸೋಮವಾರಪೇಟೆ ಕಡೆಯವನು ನಾನು. ಚಿಕ್ಕಪ್ಪನ ಹತ್ತಿರ ಹನ್ನೆರಡು ಬೋರಿನ ತೋಟಾಕೋವಿ ಇತ್ತು. ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆದು ಮುಗಿದ ಮೇಲೆ, ಬಿದ್ದ ಖಾಲಿ ತೋಟೆಗೆ ಮಕ್ಕಳೆಲ್ಲ ಮುಗಿಬೀಳುತ್ತಿದ್ದೆವು. ತುಟಿಗೆ ಇಟ್ಟು ಊದಿದರೆ ಒಳ್ಳೆ ಸಿಳ್ಳೆ ಬರುತ್ತಿತ್ತು. ಖಾಲಿ ತೋಟೆಯ ಹುಚ್ಚು ನನಗೆ ಅಲ್ಲಿಂದ ಶುರು.

ಮೊದಲು ಕಂಪನಿಯ ಮಾಲಿನ ಬಗ್ಗೆ. ಸ್ಟಾರ್‌ಲೈನ್ ಮಿಸೌರಿ ರಾಜ್ಯದ ಸೆಡೇಲಿಯಾ ಊರಿನದು. ಚೀಲ ಬಿಚ್ಚಿದಾಗ ಸುಮಾರು ಮೂರು ಕಿಲೋ ಹಿತ್ತಾಳೆ ಮೇಜಿನ ಮೇಲೆ ಸುರಿದ ಸದ್ದಿಗೇ ಅರ್ಧ ದುಡ್ಡು ವಸೂಲಾಯಿತು ಅನ್ನಿ. ನನ್ನ ಕೆಲಸ ಮೆಷಿನ್ ಶಾಪಿನಲ್ಲಿ ಅಳತೆ ನೋಡುವುದು. ಕ್ಯಾಲಿಪರ್ ಕೈಗೆ ಬಂದರೆ ಸುಮ್ನೆ ಇರೋಕಾಗಲ್ಲ. ಇಪ್ಪತ್ತು ತೋಟೆ ಅಳೆದೆ. ಒಂದಕ್ಕೂ ಇನ್ನೊಂದಕ್ಕೂ ಉದ್ದದಲ್ಲಿ ಇಂಚಿನ ಸಾವಿರದಲ್ಲಿ ಎರಡು ಮೂರು ಭಾಗಕ್ಕಿಂತ ಜಾಸ್ತಿ ವ್ಯತ್ಯಾಸ ಸಿಗಲಿಲ್ಲ. ಕೇಪಿನ ಕಿಡಿ ಒಳಗೆ ನುಗ್ಗುವ ತಳದ ಕಿಂಡಿಯಲ್ಲಿ ಲೋಹದ ಸಿಪ್ಪೆ ಚೂರೂ ಇಲ್ಲ. ತಳದಲ್ಲಿ ಎರಡು ನಕ್ಷತ್ರ, ನಡುವೆ ಒಂದು ಸಣ್ಣ ಗೀಟಿನ ಗುರುತು. ಗುರಿ ಅಭ್ಯಾಸದ ಜಾಗದಲ್ಲಿ, ಅಂದರೆ ರೇಂಜ್‌ನಲ್ಲಿ, ನಾಲ್ಕು ಜನರ ತೋಟೆ ಕಲೆತು ಬಿದ್ದಾಗ ನಮ್ಮದನ್ನು ಹುಡುಕಲು ಈ ಗುರುತು ಸಾಕು. ಆದರೂ ನಾನು ತಳಕ್ಕೆ ನೀಲಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯುತ್ತೇನೆ.

ಹೊಸ ತೋಟೆಯ ಬಗ್ಗೆ ಒಂದು ಮಾತು, ಇದು ಯಾವ ಕಂಪನಿಯದಕ್ಕೂ ಸಲ್ಲುತ್ತದೆ. ಮೊದಲ ಸಲ ತುಂಬುವಾಗ ಬಾಯಿ ಅಗಲಿಸುವ ಮೊಳೆಗೆ ಅದು ಸ್ವಲ್ಪ ಕಚ್ಚಿಕೊಳ್ಳುತ್ತದೆ. ಒಮ್ಮೆ ಹೊಡೆದ ತೋಟೆಯ ಒಳಗೆ ಮಸಿಯ ತೆಳು ಪದರ ಇರುತ್ತದೆ, ಜಾರಲು ಅದೇ ಸಾಕು. ಹೊಸದರಲ್ಲಿ ಅದಿಲ್ಲ. ಎರಡನೇ ಸಲಕ್ಕೆ ಸರಿಹೋಗುತ್ತದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಎಷ್ಟು ಸಲ? ಶುರುವಿನಲ್ಲಿ ನನ್ನದು ಶುದ್ಧ ಹಿತ್ತಾಳೆ ಕಿವಿ. ರೇಂಜ್‌ನಲ್ಲಿ ಒಬ್ಬರು ಐದು ಸಲ ಅಂದರು, ನಂಬಿದೆ. ಇನ್ನೊಬ್ಬರು ಐವತ್ತು ಅಂದರು, ಅದನ್ನೂ ನಂಬಿದೆ. ಮೂರನೆಯವರು, ಸಾಲ್ಟ್ ಲೇಕ್ ಕಡೆಯ ಹಿರಿಯರು, ಎಪ್ಪತ್ತು ದಾಟಿದವರು, "ನೀನು ಅದನ್ನು ಸವೆಸುವ ಮೊದಲು ಕಳೆದುಕೊಳ್ಳುತ್ತೀಯ ಬಿಡು" ಅಂದರು. ಏಳು ವರ್ಷದ ಲೆಕ್ಕ ಹಾಕಿದರೆ ಅವರೇ ನಿಜಕ್ಕೆ ಹತ್ತಿರ.

ಒಂದನೇ ಡಬ್ಬಿಯ ಲೆಕ್ಕ ಹೀಗಿದೆ. ನೂರರಲ್ಲಿ 30 ಹುಲ್ಲಿನಲ್ಲಿ ಹೋದವು. 9ರ ಬಾಯಿ ಸೀಳಿತು. 61 ಉಳಿದಿವೆ. ಮೊದಲ ಸೀಳು ಕಂಡಿದ್ದು 11ನೇ ಸಲ ತುಂಬಲು ಕೂತಾಗ. 14ರವರೆಗೆ ಒಟ್ಟು ಎರಡೇ. ಆಮೇಲೆ ಒಂದೊಂದು ಸುತ್ತಿನಲ್ಲೂ ಒಂದೋ ಎರಡೋ. ನಾನು ತುಂಬುವುದು ಕಾಗದದ ಗುರಿಗೆ ಸಾಲುವ ಮೆತ್ತನೆಯ ಲೋಡು. ಮದ್ದಿನ ಕಂಪನಿಯ ಪುಸ್ತಕದಲ್ಲಿ ಕೊಟ್ಟ ಅಳತೆಯ ಕೆಳಗಿನ ಕಡೆಯೇ ಇರುತ್ತೇನೆ. ಬಿರುಸಾಗಿ ತುಂಬುವವರಿಗೆ ಈ ಲೆಕ್ಕ ಸಿಗಲಿಕ್ಕಿಲ್ಲ.

ಎರಡು, ಮೂರನೇ ಡಬ್ಬಿಯ ಕಥೆಯೂ ಹೆಚ್ಚುಕಡಿಮೆ ಇದೇ, ಹೇಳಲು ವಿಶೇಷ ಇಲ್ಲ. ನಾಲ್ಕನೆಯದನ್ನು ಒಂದು ಸ್ಪರ್ಧೆಗೆ ಒಯ್ದಿದ್ದೆ. ಬಿದ್ದ ತೋಟೆ ಆರಿಸುವ ಹಾಗಿಲ್ಲ ಎಂಬ ನಿಯಮ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಖಾಲಿ ಡಬ್ಬಿ ಹಿಡಿದುಕೊಂಡು ಮನೆಗೆ ಬಂದೆ. ಮುಂಚೆಯೇ ನಿಯಮ ಓದಬಾರದಿತ್ತಾ ಅಂತ ಹೆಂಡತಿ ಕೇಳಿದಳು. ಓದಬೇಕಿತ್ತು.

ಐದನೇ ಡಬ್ಬಿ ನನಗೆ ಪಾಠ ಕಲಿಸಿದ್ದು. ತೋಟೆ ತುಂಬುವುದು ಹಿಡಿ ಒತ್ತುವ ಪ್ರೆಸ್ಸಿನಲ್ಲಿ, ತೋಟೆಗೆ ಆಕಾರ ಕೊಡಲು ಅದಕ್ಕೆ ಕೂರಿಸುವ ಅಚ್ಚೇ ಡೈ. ಒಂದು ಸಲ ಡೈ ಬಿಚ್ಚಿ ಒರೆಸಿ ಮತ್ತೆ ಕೂರಿಸುವಾಗ ಬಾಯಿ ಅಗಲಿಸುವ ಡೈಯನ್ನು ಜಾಸ್ತಿ ಕೆಳಗಿಳಿಸಿಬಿಟ್ಟೆ. ತೋಟೆಯ ಬಾಯಿ ದತ್ತೂರಿ ಹೂವಿನ ಹಾಗೆ ಅರಳುತ್ತಿತ್ತು. ಗುಂಡು ಸಲೀಸಾಗಿ ಕೂರುತ್ತಿತ್ತಲ್ಲ, ಚೆನ್ನಾಗಿದೆ ಅಂದುಕೊಂಡೆ. ಐದನೇ ಡಬ್ಬಿಯನ್ನು ಮುಂದೆ ಪೂರ್ತಿ ಹಾಗೇ ತುಂಬಿದೆ. ಎಂಟನೇ ಸಲಕ್ಕೆ ಆರು ತೋಟೆ ಸೀಳಿದವು. ಒಂಬತ್ತಕ್ಕೆ ಹದಿನಾಲ್ಕು. ಅದೇ ಚೀಲ, ಅದೇ ಹಿತ್ತಾಳೆ, ಅದೇ ಲೋಡು, ಅದೇ ಪಿಸ್ತೂಲು. ಬದಲಾಗಿದ್ದು ಡೈಯ ಅರ್ಧ ಸುತ್ತು ಮಾತ್ರ.

ಕಾರಣ ಸರಳ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದಿದ್ದೀರಲ್ವಾ, ಅದೇ ಇದು. ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಮಣಿದಷ್ಟೂ ಗಡಸಾಗುವ ಲೋಹ. ಹೊಡೆದಾಗ ತೋಟೆ ಉಬ್ಬಿ ನಳಿಗೆಯ ಗೋಡೆಗೆ ಅಂಟುತ್ತದೆ. ಡೈಗೆ ಹಾಕಿದರೆ ಕುಗ್ಗುತ್ತದೆ. ಬಾಯಿ ಅಗಲಿಸುತ್ತೇವೆ, ಗುಂಡು ತುರುಕುತ್ತೇವೆ, ಮತ್ತೆ ಬಾಯಿ ಒತ್ತಿ ಬಿಗಿ ಮಾಡುತ್ತೇವೆ. ಮತ್ತೆ ಹೊಡೆಯುತ್ತೇವೆ. ಹೆಚ್ಚು ಹಿಂಸೆ ಬಾಯಿಗೇ. ಹಾಗಾಗಿ ಮೊದಲು ಸೋಲುವುದೂ ಬಾಯಿಯೇ. ಗುಂಡಿನ ಅಂಚು ಕೂರುವಷ್ಟೇ ಅಗಲಿಸಿ. ಹೊಸ ಡೈ ಕೊಳ್ಳುವುದಕ್ಕಿಂತ ಈ ಒಂದು ಅಭ್ಯಾಸದಿಂದ ತೋಟೆಯ ಆಯಸ್ಸು ಜಾಸ್ತಿಯಾಗುತ್ತದೆ.

ಹಾಗಾದರೆ ಕಾಯಿಸಿ ಮೆದು ಮಾಡಬಹುದಲ್ಲ ಅಂತ ಒಬ್ಬ ಗೆಳೆಯ ಕೇಳಿದ. ಪಾತ್ರೆ ಬಡಿಯುವವರು ನಡುನಡುವೆ ಕಾಯಿಸುತ್ತಾರೆ, ನಿಜ. ಉದ್ದನೆಯ ರೈಫಲ್ ತೋಟೆಗೆ ಕುತ್ತಿಗೆ ಮಾತ್ರ ಕಾಯಿಸುವವರೂ ಇದ್ದಾರೆ. .45ರ ತೋಟೆ ಒಂದು ಇಂಚೂ ಉದ್ದ ಇಲ್ಲ. ಬಾಯಿ ಕಾಯಿಸಲು ಹೋದರೆ ಬಿಸಿ ತಳಕ್ಕೂ ಇಳಿಯುತ್ತದೆ. ತಳ ಮೆದುವಾದರೆ ಒತ್ತಡ ತಡೆಯುವುದು ಯಾವುದು? ಬೆರಳು ಬೇಕಾದವರು ಆ ಕೆಲಸಕ್ಕೆ ಕೈ ಹಾಕಬಾರದು.

ಸೀಳು ಹುಡುಕುವುದು ಹೇಗೆ ಅನ್ನುವುದು ನನಗೆ ತುಂಬಾ ಇಷ್ಟದ ಭಾಗ. ತೊಳೆದು ಒಣಗಿಸಿದ ತೋಟೆ ಐದಾರನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಕುಲುಕುತ್ತೇನೆ. ಒಳ್ಳೆಯವು ಗೆಜ್ಜೆಯ ಹಾಗೆ ಟಿಣ್ ಟಿಣ್ ಅನ್ನುತ್ತವೆ. ಒಂದು ಸೀಳಿದ್ದು ಇದ್ದರೂ ನಡುವೆ ಒಂದು ಟಪ್ ಸದ್ದು ಬರುತ್ತದೆ, ಮಣ್ಣಿನ ಚೂರು ಸೇರಿಕೊಂಡ ಹಾಗೆ. ಸಂತೆಯಲ್ಲಿ ಅಜ್ಜಿ ಗಡಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ತಲೆ ಅಲ್ಲಾಡಿಸಿ ವಾಪಸ್ ಇಡುತ್ತಿದ್ದಳಲ್ಲ, ಅದೇ ವಿದ್ಯೆ. ಟಪ್ ಅಂದ ಹಿಡಿಯನ್ನು ಮೇಜಿನ ದೀಪದ ಕೆಳಗೆ ಹರಡಿ ಒಂದೊಂದನ್ನೇ ತಿರುಗಿಸಿ ನೋಡುತ್ತೇನೆ. ಬಾಯಿಂದ ಕೆಳಕ್ಕೆ ಕೂದಲೆಳೆಯಷ್ಟು ಕಪ್ಪು ಗೆರೆ. ಕೆಲವು ಸಲ ಕಣ್ಣಿಗೆ ಕಾಣುವುದೇ ಇಲ್ಲ, ಉಗುರು ಆಡಿಸಿದರೆ ತೊಡರುತ್ತದೆ. ಸಿಕ್ಕಿದ ಕೂಡಲೇ ಇಕ್ಕಳದಲ್ಲಿ ಅಪ್ಪಚ್ಚಿ ಮಾಡಿ ಗುಜರಿ ಡಬ್ಬಕ್ಕೆ ಹಾಕುತ್ತೇನೆ. ಹಾಗೇ ಇಟ್ಟರೆ ಕೈತಪ್ಪಿ ಮತ್ತೆ ರಾಶಿಗೆ ಸೇರುತ್ತದೆ. ನನಗೆ ಎರಡು ಸಲ ಆಗಿದೆ.

ಸೀಳಿದ್ದು ಗೊತ್ತಾಗದೆ ತುಂಬಿಬಿಟ್ಟರೆ ಪಿಸ್ತೂಲು ಸಿಡಿಯುತ್ತದಾ? ಬಾಯಿ ಸ್ವಲ್ಪ ಸೀಳಿದ್ದರೆ ಬಹುತೇಕ ಏನೂ ಆಗುವುದಿಲ್ಲ, ಚೂರು ಹೊಗೆ ಹಿಂದಕ್ಕೆ ಬರುತ್ತದೆ ಅಷ್ಟೆ. ಅಪಾಯ ಬೇರೆ ಕಡೆ ಇದೆ. ಬಾಯಿ ಗುಂಡನ್ನು ಬಿಗಿಯಾಗಿ ಹಿಡಿಯದಿದ್ದರೆ, ಮ್ಯಾಗಜೀನಿನಿಂದ ನಳಿಗೆಗೆ ನುಗ್ಗುವಾಗ ಮೂತಿ ತಗುಲಿ ಗುಂಡು ಒಳಕ್ಕೆ ಜರುಗುತ್ತದೆ. ಒಳಗಿನ ಜಾಗ ಕಡಿಮೆಯಾಯಿತು ಅಂದರೆ ಒತ್ತಡ ಏರಿತು ಅಂತ ಅರ್ಥ. ಅದಕ್ಕೇ ಪ್ರತಿ ಸುತ್ತಿನಲ್ಲೂ ನಾಲ್ಕೈದು ತುಂಬಿದ ತೋಟೆಯ ಉದ್ದ ಅಳೆದು, ಮೂತಿಯನ್ನು ಮರದ ಬೆಂಚಿಗೆ ಹೆಬ್ಬೆರಳ ಬಲದಿಂದ ಒತ್ತಿ, ಮತ್ತೆ ಅಳೆಯುತ್ತೇನೆ. ಉದ್ದ ಕಡಿಮೆ ಬಂದರೆ ಆ ತೋಟೆಯ ಕೆಲಸ ಮುಗಿದಿದೆ, ಸೀಳು ಕಾಣದಿದ್ದರೂ ಸರಿ.

.45ರ ಹಿತ್ತಾಳೆ ಇಷ್ಟು ದಿನ ಬಾಳಲು ಅದರ ಒತ್ತಡ ಕಡಿಮೆ ಇರುವುದೇ ಮುಖ್ಯ ಕಾರಣ. ಇಲ್ಲಿನ ಉದ್ಯಮದ ಮಾನದಂಡದಲ್ಲಿ .45 ಎಸಿಪಿಗೆ ಗರಿಷ್ಠ ಒತ್ತಡ ಚದರ ಇಂಚಿಗೆ 21,000 ಪೌಂಡ್, ಅಂದರೆ 21,000 ಪಿಎಸ್‌ಐ. 9 ಎಂಎಂಗೆ 35,000. ಹಳೆಯ .38 ಸ್ಪೆಷಲ್‌ಗೆ 17,000 ಮಾತ್ರ. ಒತ್ತಡ ಜಾಸ್ತಿ ಇರುವ ಕಡೆ ಬಾಯಿಗಿಂತ ಮೊದಲು ತಳದಲ್ಲಿ ಕೇಪು ಕೂರುವ ಗುಂಡಿ ಸಡಿಲವಾಗಬಹುದು. ಹೊಸ ಕೇಪು ಕೂರಿಸುವಾಗ ಪ್ರೆಸ್ ಹಿಡಿಗೆ ಸ್ವಲ್ಪ ಬಿಗಿ ತಗುಲಬೇಕು. ಬೆಣ್ಣೆಗೆ ಬೆರಳು ಇಳಿದ ಹಾಗೆ ಇಳಿದರೆ ಆ ತೋಟೆ ಗುಜರಿಗೆ. ನನ್ನ ಸ್ಟಾರ್‌ಲೈನ್ ತೋಟೆಗಳಲ್ಲಿ 19 ಸಲದ ಮೇಲೂ ಗುಂಡಿ ಸಡಿಲವಾದದ್ದು ಒಂದೂ ಇಲ್ಲ.

ಉದ್ದ? ರೈಫಲ್ ತೋಟೆ ಹೊಡೆದಷ್ಟೂ ಉದ್ದವಾಗುತ್ತದೆ, ಕತ್ತರಿಸಬೇಕು. .45 ಉಲ್ಟಾ, ಗಿಡ್ಡವಾಗುತ್ತದೆ. ಇದರ ಗರಿಷ್ಠ ಉದ್ದ 0.898 ಇಂಚು. ಒಂದನೇ ಡಬ್ಬಿಯವು ಈಗ 0.889ರ ಸುತ್ತ ನಿಂತಿವೆ. ಕತ್ತರಿಸುವ ಯಂತ್ರಕ್ಕೆ ದುಡ್ಡು ಹಾಕಬೇಡಿ.

9 ಎಂಎಂ ಬಗ್ಗೆ ಕೇಳುವವರೇ ಜಾಸ್ತಿ ಇರುವುದರಿಂದ ಅದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ನಾನು ಗೀಟು ಹಾಕುವುದಿಲ್ಲ. ರೇಂಜ್ ನೆಲದ ತುಂಬ ಬಿದ್ದಿರುತ್ತದೆ, ಸಂಶಯ ಬಂದದ್ದನ್ನು ಎಸೆದರೆ ನಷ್ಟ ಇಲ್ಲ. ಒಳಗಿನ ಜಾಗ ಚಿಕ್ಕದಾದ್ದರಿಂದ ಗುಂಡು ಒಳಕ್ಕೆ ಜರುಗಿದರೆ ಅದರಲ್ಲಿ ಅಪಾಯ ಹೆಚ್ಚು. ಕೆಲವು ಅಗ್ಗದ 9 ಎಂಎಂ ತೋಟೆಯ ಒಳಗೆ ಅರ್ಧಕ್ಕೆ ಒಂದು ಮೆಟ್ಟಿಲು ಇರುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತದೆ. ಅಂಥವು ಆ ಮೆಟ್ಟಿಲಲ್ಲೇ ತುಂಡಾಗುತ್ತವೆ, ಅರ್ಧ ನಳಿಗೆಯಲ್ಲೇ ಉಳಿಯುತ್ತದೆ. ಮೊದಲ ಸಲಕ್ಕೇ ಎಸೆಯಿರಿ.

ಸ್ಟಾರ್‌ಲೈನ್ ತರಿಸುವ ಮೊದಲು ಅಗ್ಗ ಅಂತ ಒಂದು ಆನ್‌ಲೈನ್ ಮಾರಾಟಗಾರರಿಂದ ಸಾವಿರ ತೋಟೆ ತರಿಸಿದ್ದೆ. ಹೆಸರು ಹೇಳುವುದಿಲ್ಲ. "ಒಂದೇ ಸಲ ಹೊಡೆದದ್ದು" ಅಂತ ಬರೆದಿದ್ದರು. ಸೆಕೆಂಡ್ ಹ್ಯಾಂಡ್ ಕಾರಿಗೆ "ಒಬ್ಬರೇ ಓಡಿಸಿದ್ದು, ಡಾಕ್ಟರ ಗಾಡಿ" ಅನ್ನುತ್ತಾರಲ್ಲ, ಅದೇ ಜಾತಿಯ ಮಾತು. ಕೆಲವು ಸೀಳಿದ್ದವು. ಎರಡರ ಹೊಟ್ಟೆಯಲ್ಲಿ 9 ಎಂಎಂ ತೋಟೆ ಸಿಕ್ಕಿಕೊಂಡಿತ್ತು. ಅದೆಲ್ಲ ಹೋಗಲಿ. ಒಂದು ಶನಿವಾರ ರಾತ್ರಿ ಪ್ರೆಸ್ ಹಿಡಿ ಒತ್ತುತ್ತಿದ್ದೆ. ಕೇಪು ಕೂರಬೇಕಾದ ಜಾಗದಲ್ಲಿ ಹಿಡಿ ಗಟ್ಟಿಯಾಗಿ ನಿಂತಿತು. ಇನ್ನೊಂದು ಚೂರು ಬಲ ಹಾಕೋಣ ಅಂತ ಭುಜ ಮುಂದಕ್ಕೆ ಬಂದೇಬಿಟ್ಟಿತ್ತು. ಯಾಕೋ ನಿಲ್ಲಿಸಿದೆ. ತೆಗೆದು ನೋಡಿದರೆ ಆ ತೋಟೆಯ ಗುಂಡಿ ಚಿಕ್ಕದು. .45 ಎಸಿಪಿಗೆ ಹಿಂದಿನಿಂದಲೂ ದೊಡ್ಡ ಕೇಪು. ಈಚೆಗೆ ಕೆಲವು ಕಂಪನಿಗಳು ಚಿಕ್ಕ ಕೇಪಿನವನ್ನೂ ಮಾಡುತ್ತಿವೆ. ಹೊರಗಿನಿಂದ ಎರಡೂ ಒಂದೇ ಥರ. ನಾನು ದೊಡ್ಡ ಕೇಪನ್ನು ಚಿಕ್ಕ ಗುಂಡಿಗೆ ಅರೆಯುತ್ತಾ ಇದ್ದೆ. ಕೇಪು ಸಿಡಿಯದೆ ಇದ್ದದ್ದು ಪುಣ್ಯ. ಆ ರಾತ್ರಿ ಪೂರ್ತಿ ರಾಶಿ ಆರಿಸಿದೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. 43 ಸಿಕ್ಕವು. ಮಾರಾಟಗಾರರಿಗೆ ಬರೆದೆ. "ಮಿಶ್ರ ಮಾಲು ಅಂತ ಕೆಳಗೆ ಬರೆದಿದ್ದೇವೆ" ಅಂತ ಒಂದು ಸಾಲಿನ ಉತ್ತರ ಬಂತು.

ಹೊಸ ಚೀಲದ ಹೆಚ್ಚುವರಿ ದುಡ್ಡು ಸಾರ್ಥಕ ಅನ್ನಿಸಿದ್ದು ಇದಕ್ಕೇ. ಎಲ್ಲ ತೋಟೆಗೂ ಒಂದೇ ಗುಂಡಿ, ಒಂದೇ ಹುಟ್ಟಿದ ದಿನ, ಒಂದೇ ಇತಿಹಾಸ. ಬೇರೆಯವರ ಪಿಸ್ತೂಲಿನಲ್ಲಿ, ಬೇರೆಯವರ ಮದ್ದಿನಲ್ಲಿ ಅದು ಏನೇನು ಅನುಭವಿಸಿದೆ ಅಂತ ಊಹಿಸುವ ಕಷ್ಟ ಇಲ್ಲ. ಸ್ಟಾರ್‌ಲೈನ್ ಕೂಡ ಎರಡೂ ಗುಂಡಿಯದನ್ನು ಮಾರುತ್ತದೆ, ಆರ್ಡರ್ ಮಾಡುವಾಗ ನೋಡಿ ಒತ್ತಿ.

ತೊಳೆಯುವ ವಿಷಯಕ್ಕೆ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ತಿಕ್ಕಿದವರೇ ನಾವೆಲ್ಲ. ಇಲ್ಲಿ ತಿರುಗುವ ಡ್ರಮ್ಮಿಗೆ ನೀರು, ಒಂದು ಚಮಚ ಪಾತ್ರೆ ಸೋಪು, ಚಿಟಿಕೆ ನಿಂಬೆ ಉಪ್ಪು. ಹುಳಿ ಜಾಸ್ತಿಯಾದರೆ ಸತು ಬಿಟ್ಟು ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹುಣಸೆಹಣ್ಣಿನಲ್ಲಿ ರಾತ್ರಿಯಿಡೀ ನೆನೆಸಿಟ್ಟ ಚೊಂಬಿನ ಬಣ್ಣ ನೆನಪಿಸಿಕೊಳ್ಳಿ. ತೊಳೆದ ನೀರಿನಲ್ಲಿ ಕೇಪಿನ ಸೀಸ ಇರುತ್ತದೆ, ಹಾಗಾಗಿ ಅಡುಗೆಮನೆ ಸಿಂಕಿನ ಹತ್ತಿರವೂ ಸುಳಿಯಬಾರದು. ಒಂದು ಸಲ ಅಡುಗೆಮನೆ ಜರಡಿ ಎತ್ತಿಕೊಂಡು ಹೋಗಿದ್ದೆ. "ರೀ, ಆ ಜರಡಿ ಇನ್ನು ನಿಮ್ಮದೇ, ಒಳಗೆ ತರಬೇಡಿ" ಅಂದಳು. ಅವಳು ಹೇಳಿದ್ದೇ ಸರಿ.

ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಮಾತ್ರ ಮುಟ್ಟಬೇಡಿ. ಇದಕ್ಕೆ ನಮ್ಮ ದೇಶದ್ದೇ ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಮುಗಿಯುವವರೆಗೆ ಸೈನ್ಯದ ತೋಟೆಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರಂತೆ. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಒಂದು ಸಲವೂ ಹೊಡೆಯದ ತೋಟೆಗಳು ಬಿರಿದಿರುತ್ತಿದ್ದವು, ಅದೂ ಗುಂಡನ್ನು ಬಿಗಿದ ಬಾಯಿಯ ಹತ್ತಿರವೇ. ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಅಂತ ಹೆಸರು ಬಿತ್ತು. ಕಾರಣ ಸ್ಪಷ್ಟವಾಗಿದ್ದು 1921ರಲ್ಲಿ. ಕುದುರೆ ಮೂತ್ರದ ಅಮೋನಿಯಾ, ಬಿಗಿದ ಹಿತ್ತಾಳೆಯೊಳಗೆ ಉಳಿದ ಸೆಳೆತ, ಎರಡೂ ಸೇರಿ ಸೀಳುತ್ತಿದ್ದವು. ಹತ್ತು ಸಲ ಹೊಡೆದು ಗಡಸಾದ ತೋಟೆಗೆ ಫಳಫಳ ಹೊಳೆಯಲಿ ಅಂತ ಅಮೋನಿಯಾ ಹಚ್ಚುವುದು ಅಂದರೆ ಅದನ್ನು ನಾವೇ ಲಾಯದಲ್ಲಿ ಇಟ್ಟ ಹಾಗೆ.

ನಕ್ಷತ್ರ ಕೊಡಲೇಬೇಕು ಅಂದರೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಬೆಲೆಗೆ. ತಿಂಗಳಿಗೆ ಐವತ್ತು ಗುಂಡು ಹೊಡೆಯುವವರಿಗೆ ಇದು ಬೇಡ, ಅಂಗಡಿ ತೋಟೆ ಕೊಂಡು ಅದನ್ನೇ ಆರಿಸಿಟ್ಟುಕೊಂಡರೆ ಸಾಕು. ವಾರವಾರ ಹೋಗುವವರು ಕಣ್ಣು ಮುಚ್ಚಿ ತರಿಸಬಹುದು. ಎಷ್ಟು ಸಲ ಬರುತ್ತದೆ ಅಂತ ನನ್ನ 19ನ್ನು ಹಿಡಿದುಕೊಳ್ಳಬೇಡಿ. ಐದನೇ ಡಬ್ಬಿಗೆ ಅದು 9 ಆಗಿತ್ತು.

ಹೋದ ಭಾನುವಾರ ಚಿಕ್ಕಪ್ಪನಿಗೆ ವಿಡಿಯೋ ಕಾಲ್ ಮಾಡಿ ಡಬ್ಬಿಗಳನ್ನೆಲ್ಲ ತೋರಿಸಿದೆ. ಆಗಷ್ಟೇ ಸಿಕ್ಕ ಒಂದು ಸೀಳು ತೋಟೆಯನ್ನು ಕ್ಯಾಮೆರಾ ಹತ್ತಿರ ಹಿಡಿದೆ. ಕಣ್ಣು ಮಂಜಾಗಿದೆ ಅವರಿಗೆ, ಗೆರೆ ಕಾಣಲಿಲ್ಲ. "ಊದಿ ನೋಡೋ, ಸಿಳ್ಳೆ ಬರುತ್ತಾ?" ಅಂದರು. ಸೀಸ ಇರುತ್ತೆ ಚಿಕ್ಕಪ್ಪ, ಬಾಯಿಗೆ ಇಡಬಾರದು ಅಂದೆ. "ತೊಳ್ಕೊಂಡು ಬಾ ಹಂಗಾದ್ರೆ" ಅಂದರು. ಗ್ಯಾರೇಜಿನ ನಲ್ಲಿಯಲ್ಲಿ ಸೋಪು ಹಾಕಿ ಮೂರು ಸಲ ತೊಳೆದು, ಒರೆಸಿ, ತುಟಿಗೆ ತಾಗಿಯೂ ತಾಗದ ಹಾಗೆ ಹಿಡಿದು ಊದಿದೆ. ಬರೀ ಗಾಳಿ. ಡಬ್ಬಿಯಿಂದ ಒಳ್ಳೆಯದೊಂದನ್ನು ತೊಳೆದು ಊದಿದೆ. ಪಕ್ಕದ ಮನೆಯ ನಾಯಿ ಬೊಗಳಿತು.